ತಿಂಗಳಿಗೆ ಹತ್ತು ಸಾವಿರ ದಾಟಿದ್ರೆ ಶ್ರೀಮಂತರಾ? (ಭಾಗ 3)

ಬಿಕಾಂನವರೇ, ಒಂದು ಲೆಕ್ಕ ಮಾಡೋಣ ಬನ್ನಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದ್ರೆ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ ಶೇ. 70 ನಮ್ಮ ಜೇಬಿಂದ. ಬಿಪಿಎಲ್ ಕಾರ್ಡಿಗೆ ಬೇರೆ ಷರತ್ತುಗಳೂ ಇವೆ, ಆದ್ರೆ ಮುಖ್ಯವಾದದ್ದು ಆದಾಯ: ವರ್ಷಕ್ಕೆ 1.20 ಲಕ್ಷ. ಅಂದ್ರೆ ತಿಂಗಳಿಗೆ ಹತ್ತು ಸಾವಿರ.

ನಮ್ಮಪ್ಪ ಹಾರ್ಡ್‌ವೇರ್ ಅಂಗಡೀಲಿ ಕೆಲಸ ಮಾಡ್ತಾರೆ. ಸಂಬಳ ಹದಿನಾಲ್ಕು ಸಾವಿರ. ಹಾಗಾಗಿ ನಮ್ದು ಎಪಿಎಲ್. ಹೋದ ವರ್ಷ ಅಪ್ಪಂಗೆ ಹಾರ್ಟಿಗೆ ಸ್ಟೆಂಟ್ ಹಾಕಿದಾಗ ಆಸ್ಪತ್ರೆಯ ಆರೋಗ್ಯಮಿತ್ರ ಅಕ್ಕ ಕಾರ್ಡ್ ನೋಡಿ, ಸಮಾಧಾನವಾಗೇ ಈ 30–70 ಲೆಕ್ಕ ಬಿಡಿಸಿ ಹೇಳಿದ್ರು. ಅಮ್ಮ ಏನೂ ಮಾತಾಡ್ಲಿಲ್ಲ, ಕುತ್ತಿಗೆ ಮುಟ್ಟಿ ನೋಡ್ಕೊಂಡ್ರು. ಸರ ಇನ್ನೂ ಬ್ಯಾಂಕಲ್ಲೇ ಅಡ ಇದೆ.

ಈಗ ಲೆಕ್ಕ. ಒಂದು ಲಕ್ಷದ ಪ್ಯಾಕೇಜ್ ಅಂತಿಟ್ಕೊಳ್ಳಿ. ವರ್ಷಕ್ಕೆ 1.19 ಲಕ್ಷ ದುಡಿಯೋ ಬಿಪಿಎಲ್ ಮನೆ ಕಟ್ಟಬೇಕಾದ್ದು ಸೊನ್ನೆ. 1.21 ಲಕ್ಷ ದುಡಿದು ಎಪಿಎಲ್ ಆದ ಮನೆ ಕಟ್ಟೋದು 70,000. ಎರಡು ಸಾವಿರ ಜಾಸ್ತಿ ದುಡಿದಿದ್ದಕ್ಕೆ ಎಪ್ಪತ್ತು ಸಾವಿರ!

ಇನ್‌ಕಮ್ ಟ್ಯಾಕ್ಸ್ ಪೇಪರಲ್ಲಿ ನಾವು ಮಾರ್ಜಿನಲ್ ರಿಲೀಫ್ ಓದ್ತೀವಿ. ಹೊಸ ಪದ್ಧತಿಯಲ್ಲಿ ಆದಾಯ 12 ಲಕ್ಷ ಸ್ವಲ್ಪ ದಾಟಿದ್ರೆ, ದಾಟಿದ್ದಕ್ಕಿಂತ ಟ್ಯಾಕ್ಸೇ ಜಾಸ್ತಿ ಆಗ್ಬಾರ್ದು ಅಂತ ಕಾನೂನು ಮಾಡಿದ್ದಾರೆ. ಹನ್ನೆರಡು ಲಕ್ಷದವರ ಮೇಲೆ ಅಷ್ಟು ಕಾಳಜಿ ಇದೆ. 1.2 ಲಕ್ಷದವರಿಗೆ ಯಾಕಿಲ್ಲ?

"ಪ್ರೈವೇಟ್ ಇನ್ಶೂರೆನ್ಸ್ ತಗೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿನೂ ಇಲ್ವಲ್ಲ" ಅಂತ ಒಬ್ಬ ಫ್ರೆಂಡ್ ಅಂದ. ಸರಿ ಕಣೋ. ಆದ್ರೆ ಮೊದಲೇ ಇರೋ ಕಾಯಿಲೆಗೆ ಕಂಪನಿ ಮೂರು ವರ್ಷದವರೆಗೂ ಕಾಯಿಸಬಹುದು. ಹಾರ್ಟು ಕಾಯುತ್ತಾ?

ಎಲ್ಲಾರ್ಗೂ ಪೂರ್ತಿ ಫ್ರೀ ಕೊಡಿ ಅಂತ ನಾನು ಕೇಳ್ತಿಲ್ಲ, ಖಜಾನೆಗೂ ಒಂದು ಬ್ಯಾಲೆನ್ಸ್ ಶೀಟ್ ಇರುತ್ತೆ. ಟ್ಯಾಕ್ಸಲ್ಲಿ ಇರೋ ಹಾಗೆ ಇಲ್ಲೂ ಸ್ಲ್ಯಾಬ್ ಮಾಡಿ ಅಂತ ಅಷ್ಟೇ. ನನ್ನ ಸಲಹೆ: ಆದಾಯ 3 ಲಕ್ಷದವರೆಗೆ ಇದ್ರೆ ಸರ್ಕಾರದ ಪಾಲು ಶೇ. 80, 5 ಲಕ್ಷದವರೆಗೆ ಶೇ. 50, ಅದರ ಮೇಲೆ ಈಗಿನ ಶೇ. 30.

ನಮ್ಮ ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ. ಅವರಲ್ಲಿ ಒಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದ್ರೂ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡ್ಬೇಕಾಗುತ್ತೆ. ನಮ್ಮ ಕ್ಷೇತ್ರದ ಶಾಸಕರಿಗೆ ನಾನು ಪತ್ರ ಬರೆದು, ಅವರ ಕಚೇರಿಗೇ ಹೋಗಿ ಕೊಟ್ಟು, ಸೀಲ್ ಹಾಕಿಸ್ಕೊಂಡು ಬಂದಿದ್ದೀನಿ. ಪತ್ರದ ಪ್ರತಿ ಹೈಲೈಟ್ಸ್‌ನಲ್ಲಿದೆ. ನಿಮ್ಮ ಕ್ಷೇತ್ರದ ಹೆಸರು ಹಾಕಿ, ನಿಮ್ಮನೆ ಲೆಕ್ಕ ಬರೆದು ಕೊಡಿ. ಸೀಲ್ ಮರೀಬೇಡಿ.