ಕೃಪಾ ಸದನದ ಬಾಗಿಲು

ಪಶ್ಚಾತ್ತಾಪವೆಂಬ ಪದದೊಳಗೆ ತಾಪವಿದೆ. ಮಾಡಿದ ಮೇಲೆ ಹತ್ತಿಕೊಳ್ಳುವ ಉರಿ ಅದು. ಆದರೆ ನಮ್ಮ ಸತ್ಯವೇದದಲ್ಲಿ ಮಾನಸಾಂತರವೆಂಬ ಮತ್ತೊಂದು ಪದವೂ ಇದೆ. ಉರಿಯೊಂದೇ ಸಾಲದು, ಮನಸ್ಸು ಮುಖ ತಿರುಗಿಸಬೇಕು ಎಂಬ ಅರ್ಥ ಅದರಲ್ಲಿದೆ. ಇಸ್ಕರಿಯೋತ ಯೂದನಿಗೂ ಉರಿಯಿತ್ತು. ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋದ. ಪೇತ್ರನೂ ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದು ಹೇಳಿ ಹೊರಗೆ ಹೋಗಿ ಅತ್ತ. ಒಬ್ಬ ತನ್ನ ಉರಿಯೊಡನೆ ಒಂಟಿಯಾದ. ಇನ್ನೊಬ್ಬ ನಾಚಿಕೆಯನ್ನು ಹೊತ್ತುಕೊಂಡೇ ಉಳಿದ ಶಿಷ್ಯರ ನಡುವೆ ಇದ್ದ. ಯೋಹಾನನ ಸುವಾರ್ತೆಯಲ್ಲಿ ಪೇತ್ರ ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಬಳಿ. ಅವನಿಗೆ ಕುರಿಗಳನ್ನು ಮರಳಿ ಒಪ್ಪಿಸಿದ್ದೂ ದಡದ ಮೇಲಿನ ಇದ್ದಲಿನ ಬೆಂಕಿಯ ಬಳಿಯೇ.

ಧನಕವಡಿಯಲ್ಲಿ ಭಾನುವಾರ ಸಂಜೆ ಪ್ರಾರ್ಥನೆಗೆ ಸೇರುವ ನಾವು ಬೆರಳೆಣಿಕೆಯ ಕನ್ನಡ ಕುಟುಂಬಗಳವರು. ಕೆಲವರು ಹುಬ್ಬಳ್ಳಿ, ಗದಗ-ಬೆಟಗೇರಿಗಳ ಬಾಸೆಲ್ ಮಿಶನ್ ಪರಂಪರೆಯವರು, ಕೆಲವರು ಬೀದರದ ಮೆಥೊಡಿಸ್ಟರು. ಕುಡಿತಕ್ಕೆ ಬಿದ್ದು, ಹೆಂಡತಿಯ ಒಡವೆ ಅಡವಿಟ್ಟು, ಎರಡು ವರ್ಷ ಮರೆಯಾಗಿದ್ದ ಸಹೋದರರೊಬ್ಬರು ಕಳೆದ ವರ್ಷ ನಮ್ಮ ನಡುವೆ ಮರಳಿ ಬಂದು ಕುಳಿತಾಗ, ಅವರಿಗೆ ವಾಚನ ಕೊಡಬಹುದೇ ಎಂಬುದರಲ್ಲಿ ನಮಗೆ ಒಮ್ಮತವಿರಲಿಲ್ಲ. ತಪ್ಪಿಹೋದ ಮಗನ ಸಾಮ್ಯವನ್ನು ಇಬ್ಬಣದವರೂ ಎತ್ತಿದರು. ಕೊನೆಗೆ ಹುಬ್ಬಳ್ಳಿಯ ಹಿರಿಯ ಅಮ್ಮನವರು, "ದೇವರು ಕ್ಷಮಿಸಿದ್ರ ಬ್ಯಾಡ ಅನ್ನಾಕ ನಾವ್ಯಾರು? ಆದ್ರ ಆಕಿ ಒಡವಿ ಎಲ್ಲದಾವ, ಅದನ್ನ ಹೇಳ್ರಿ," ಎಂದರು. ಯಾರೂ ಮಾತಾಡಲಿಲ್ಲ.

ನಮಗೆ ಆಗ ನೆನಪಾದವರು ಪಂಡಿತಾ ರಮಾಬಾಯಿ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಅವರನ್ನು ಕನ್ನಡ ನೆಲದ ಮಗಳೆಂದು ನಾವು ಸಲಿಗೆಯಿಂದ ಹೇಳಿಕೊಳ್ಳುತ್ತೇವೆ. ಇಂಗ್ಲೆಂಡಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜವು 'ಕೆಟ್ಟವರು' ಎಂದು ತಳ್ಳಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಆದರದಿಂದ ನೋಡಿಕೊಳ್ಳುತ್ತಿದ್ದುದನ್ನು ಅವರು ಕಂಡರು. ಇದೇಕೆ ಎಂದು ಕೇಳಿದಾಗ ದೊರೆತ ಉತ್ತರ ಸಮಾರ್ಯದ ಸ್ತ್ರೀಯ ಕಥೆ. ಆ ಬಾವಿಯ ಬಳಿ ಯೇಸು ಅವಳ ಬಾಳಿನ ಯಾವ ಸಂಗತಿಯನ್ನೂ ಮುಚ್ಚಿಡಲಿಲ್ಲ; ಆದರೆ ಮೊದಲು ಅವಳಿಂದ ಕುಡಿಯಲು ನೀರು ಕೇಳಿದ. ರಮಾಬಾಯಿ 1883ರಲ್ಲಿ ದೀಕ್ಷಾಸ್ನಾನ ಹೊಂದಿದರು. ಅಲ್ಲಿಗೂ ಮುಗಿಯಲಿಲ್ಲ: ಎಂಟು ವರ್ಷಗಳ ಬಳಿಕ, ತಮಗೆ ದೊರಕಿದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲವೆಂದು ಅವರಿಗೆ ಅನಿಸಿತು. ಅಷ್ಟು ವಿದ್ವತ್ತಿನ ಹೆಂಗಸು ಹಾಗೆ ಬರೆದುಕೊಳ್ಳಲು ಎಂಥ ಎದೆ ಬೇಕು!

ನಮ್ಮಿಂದ ದೌಂಡ್ ಮಾರ್ಗದ ರೈಲು ಹಿಡಿದರೆ ಕೇಡಗಾಂವ್. ಅವರ ಮುಕ್ತಿ ಮಿಶನ್ ಇರುವುದು ಅಲ್ಲಿ. 1905ರ ಜೂನ್‌ನಲ್ಲಿ ಅಲ್ಲಿಯ ಹುಡುಗಿಯರು ಪಾಪಗಳನ್ನು ಅರಿಕೆಮಾಡಿ ಅಳುತ್ತಾ ಪ್ರಾರ್ಥಿಸಿದ ಉಜ್ಜೀವನವು ಹೊರದೇಶಗಳಲ್ಲೂ ಪ್ರಸಿದ್ಧವಾಯಿತು. ನಮ್ಮ ಮನಸ್ಸು ಮಾತ್ರ ಆ ಕಣ್ಣೀರಿಗಿಂತ, ಫುಲ್‌ಹ್ಯಾಮ್‌ನಲ್ಲಿ ಕಂಡದ್ದರ ನೆನಪಿನಂತಿರುವ ಅಲ್ಲಿಯ 'ಕೃಪಾ ಸದನ'ದ ಕಡೆಗೇ ಹೋಗುತ್ತದೆ. ಕೃಪೆಗೆ ಅಲ್ಲಿ ಗೋಡೆ, ಬಾಗಿಲು, ಊಟದ ಹೊತ್ತು ಇದ್ದವು. ಮುಕ್ತಿಯಲ್ಲಿ ನೇಯ್ಗೆ, ಅಚ್ಚುಕೆಲಸ, ಬೇಸಾಯಗಳೂ ಇದ್ದವು. ಮರಳಿ ಬಂದವರಿಗೆ ನಾಳೆ ಬೆಳಿಗ್ಗೆ ಮಾಡಲು ಕೆಲಸ ಬೇಕಲ್ಲ!

ಜಕ್ಕಾಯನ ನೆನಪೂ ಇಲ್ಲಿ ಸಲ್ಲುತ್ತದೆ. ಯೇಸು ಅವನ ಮನೆಗೆ ಬರುವೆನೆಂದದ್ದು ಮೊದಲು, ಅನ್ಯಾಯವಾಗಿ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಅವನು ನುಡಿದದ್ದು ಆಮೇಲೆ. ಕ್ಷಮೆಯನ್ನು ಅವನು ಹಣಕೊಟ್ಟು ಕೊಳ್ಳಲಿಲ್ಲ. ಆದರೂ ಹಣ ಕೊಡದೆ ಅವನಿಂದ ಇರಲಾಗಲಿಲ್ಲ. ಇನ್ನೊಂದು ಮಾತು: ದೇವರು ಕ್ಷಮಿಸಿದನೆಂದು ಹೆಂಡತಿಯೂ ಒಡನೆ ಕ್ಷಮಿಸಬೇಕೆಂದು ಒತ್ತಾಯಿಸುವ ಹಕ್ಕು ಸಭೆಗಿಲ್ಲ, ನಮ್ಮ ಸಭೆಗಳಲ್ಲಿ ಆ ಒತ್ತಾಯ ಹೆಚ್ಚಾಗಿ ಹೆಂಗಸರ ಮೇಲೆಯೇ ಬೀಳುತ್ತದೆ.

ಆ ಸಹೋದರರಿಗೆ ವಾಚನ ಕೊಟ್ಟೆವು. ನಮ್ಮವರೇ ಒಬ್ಬರು ಅವರಿಗೆ ಕೆಲಸ ಹುಡುಕಿಕೊಟ್ಟರು. ಅಡವಿನ ಸಾಲ ತಿಂಗಳು ತಿಂಗಳೂ ತೀರುತ್ತಿದೆ. ಬಳೆಗಳು ಬಿಡಿಸಿ ಬಂದಿವೆ, ಸರ ಇನ್ನೂ ಇಲ್ಲ. ಅವರ ಪತ್ನಿ ಪ್ರಾರ್ಥನೆಗೆ ಬರುತ್ತಾರೆ, ಹಿರಿಯ ಅಮ್ಮನವರ ಪಕ್ಕ ಕೂರುತ್ತಾರೆ. ಮನೆಯೊಳಗೆ ಅವರನ್ನು ಇನ್ನೂ ಕರೆದಿಲ್ಲ. ನಾವು ಕೇಳುವುದೂ ಇಲ್ಲ.