ಮೇಘವೂ ಚಂದ್ರನೂ

ಒಂಟಿತನವು ಮನುಷ್ಯನನ್ನು ಮೂಕನನ್ನಾಗಿ ಮಾಡುವುದೆಂದು ಲೋಕದ ನಂಬಿಕೆ. ಕೊಪ್ಪದ ಸೀಮೆಯ ತೋಟದ ಮನೆಗಳಲ್ಲಿ ಒಬ್ಬರೇ ಮಳೆಗಾಲ ಕಳೆದವರು ಇದನ್ನೊಪ್ಪಲಾರರು. ಗೃಹಿಣಿಯು ಕಾಲವಾಗಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ನಾವು ಒಲೆಯೊಡನೆ ಮಾತನಾಡುವುದುಂಟು; ಅದು ಹೊಗೆಯಾಡಿದರೆ ಮುನಿಸೇಕೆಂದು ಕೇಳುವುದುಂಟು. ಇದು ಮತಿಭ್ರಮೆಯೆ? ಅಚೇತನದಲ್ಲಿ ಚೇತನದ ವ್ಯವಹಾರವನ್ನು ಆರೋಪಿಸುವುದನ್ನು ನಮ್ಮ ಆಲಂಕಾರಿಕರು ಸಮಾಸೋಕ್ತಿಯೆಂದು ಕರೆದು ಗೌರವಿಸಿರುವರು.

ಕಾಳಿದಾಸನ ಯಕ್ಷನು ರಾಮಗಿರಿಯಲ್ಲಿ ವರ್ಷದ ಶಾಪವನ್ನನುಭವಿಸುತ್ತ ಆಷಾಢದ ಮೇಘವನ್ನು ದೂತನನ್ನಾಗಿ ಮಾಡಿಕೊಂಡನು. ಚೀನಾದೇಶದ ಲೀ ಪೋ ಎಂಬ ಕವಿಯು (೭೦೧–೭೬೨) ಹೂಗಳ ನಡುವೆ ಒಬ್ಬನೇ ಕುಳಿತು, ಪಾನಪಾತ್ರೆಯನ್ನೆತ್ತಿ ಚಂದ್ರನನ್ನು ಕರೆದನು. ತನ್ನ ನೆರಳನ್ನೂ ಸೇರಿಸಿ ಮೂವರೆಂದೆಣಿಸಿದನು. ಇಬ್ಬರೂ ಅರಿಯದವರಲ್ಲ. ಮೇಘವು ಹೊಗೆ, ನೀರು, ಗಾಳಿಗಳ ಕೂಟವೆಂಬುದನ್ನು ಕಾಳಿದಾಸನೇ ಹೇಳಿಬಿಡುವನು. ಚಂದ್ರನಿಗೆ ಕುಡಿಯಲು ಬಾರದೆಂದೂ, ನೆರಳು ಬರಿದೆ ಹಿಂಬಾಲಿಸುವುದೆಂದೂ ಲೀ ಪೋ ಒಪ್ಪಿಕೊಳ್ಳುವನು. ಅರಿತೇ ಕರೆದರು.

ಆದರೂ ಒಂದು ಭೇದವುಂಟು. ಮೇಘವು ಹೋಗತಕ್ಕ ಊರುಂಟು, ಅಲಕೆಯಲ್ಲಿ ಕಾದಿರುವವಳುಂಟು. ಚಂದ್ರನು ಯಾವ ಸಂದೇಶವನ್ನೂ ಒಯ್ಯಬೇಕಿಲ್ಲ, ಜೊತೆಗಿದ್ದರೆ ಸಾಕು. ಪಾಠ ಹೇಳುತ್ತಿದ್ದ ದಿನಗಳಲ್ಲಿ ನಮಗೆ ಮೇಘವೇ ಪ್ರಿಯವಾಗಿತ್ತು. ಈಗ, ಸಂದೇಶವನ್ನು ಪಡೆಯತಕ್ಕವಳು ಯಾವ ಊರಿನಲ್ಲಿಯೂ ಇಲ್ಲದಿರುವಾಗ, ಮೇಘಕ್ಕೆ ಯಾವ ದಾರಿಯನ್ನು ಹೇಳೋಣ? ಲೀ ಪೋ ಕವಿಯ ಮರ್ಮವು ನಮಗೆ ತಿಳಿದುದು ಅರುವತ್ತರಲ್ಲಿ.

ನಮ್ಮ ನಾಡಾದರೂ ಇಂತಹ ಜೊತೆಗಾರರಿಗೆ ಬಡವಾಗಿಲ್ಲ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗಭದ್ರೆಯರಲ್ಲಿ ಒಬ್ಬಳು ಶೃಂಗೇರಿಯ ಮೆಟ್ಟಿಲುಗಳನ್ನು ತೊಳೆಯುತ್ತ ನಡೆದರೆ, ಇನ್ನೊಬ್ಬಳು ನರಸಿಂಹರಾಜಪುರದ ಕಡೆಗೆ ಸಾಗಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ಕಡೆಗೆ ಕೂಡಲಿಯಲ್ಲಿ ಅಕ್ಕನನ್ನು ಸೇರುವಳು. ಇವರನ್ನು ಬರಿಯ ನೀರೆನ್ನಲು ನಮಗೆ ನಾಲಗೆ ಬಾರದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪುರವರ ಕಾವ್ಯದಲ್ಲಿ ಮಲೆಯೂ ಮರವೂ ಬಂಧುಗಳಂತಿರುವುದು ಆಶ್ಚರ್ಯವಲ್ಲ.

ಆದರೆ ಚಂದ್ರನು ನಮ್ಮ ಕುಶಲವನ್ನು ಮರಳಿ ಕೇಳನು. ಜ್ವರ ಬಂದ ರಾತ್ರಿ ಗಂಜಿ ಕಾಯಿಸನು. ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ಒಂದೇ ಬಿನ್ನಹ: ನೆರೆಯ ತೋಟದಲ್ಲಿ ವೃದ್ಧರೊಬ್ಬರು ಅಡಕೆಮರದೊಡನೆ ಮಾತನಾಡುತ್ತಿದ್ದರೆ ನಗಬೇಡಿರಿ, ಸಂಕ ದಾಟಿ ಹೋಗಿ ಜಗಲಿಯಲ್ಲಿ ಅರೆಗಳಿಗೆ ಕುಳಿತುಕೊಳ್ಳಿರಿ. ನೆರಳನ್ನೂ ಎಣಿಸಿ ಮೂವರೆನ್ನುವವನು ನಾಲ್ಕನೆಯವರನ್ನು ಬೇಡವೆನ್ನುವುದಿಲ್ಲ.