ಮೂರು ಮನೆ, ಒಂದು ಬೋಟು

ದಾವಣಗೆರೆಯವರಿಗೆ ಸಮುದ್ರ ಹತ್ತಿರವಲ್ಲ. ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಮಲ್ಪೆ ಮುಟ್ಟುವಷ್ಟರಲ್ಲಿ ಸುಮಾರು 240 ಕಿಲೋಮೀಟರ್ ಆಗುತ್ತದೆ. ಅಷ್ಟು ದೂರ ಹೋಗಿ, ಬೋಟು ಬಾಡಿಗೆಗೆ ಹಿಡಿದು, ಗಾಳ ಹಾಕಿ ಬರಬೇಕೆಂಬ ಆಸೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಏಳನೇ ಕ್ಲಾಸಿನ ಮೊಮ್ಮಗನಿಂದ. ಚಿಕ್ಕವನಿದ್ದಾಗ ನಾನು ಹರಿಹರದ ಹೊಳೆ ದಂಡೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತಿದ್ದ ಕತೆ ಅವನಿಗೆ ಬಾಯಿಪಾಠವಾಗಿದೆ. "ಅಜ್ಜಾ, ಹೊಳೇದು ಸಾಕು. ಸಮುದ್ರದಾಗೆ ಹಾಕಾಣ" ಎಂದ.

ಹೊರಡುವವರು ಮೂರು ಮನೆಯವರು. ನಮ್ಮ ಮನೆಯಿಂದ ಐದು ಜನ, ಪಕ್ಕದ ಬಡಾವಣೆಯ ತಮ್ಮನ ಮನೆಯಿಂದ ನಾಲ್ಕು, ಹರಿಹರದ ತಂಗಿ ಮನೆಯಿಂದ ಮೂರು. ಒಟ್ಟು ಹನ್ನೆರಡು. ಬಿ.ಕಾಂ. ಮಾಡಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಬರೆಯುವ ಕೆಲಸ ತಾನಾಗಿಯೇ ಬರುತ್ತದೆ. ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಮೊದಲು ಕಾಲದ ವಿಚಾರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮೀನು ಮರಿ ಹಾಕುವ ಕಾಲ, ಕಡಲೂ ಒರಟು. ಹಾಗಾಗಿ ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ, ಭಾನುವಾರ ಗೊತ್ತುಮಾಡಿದೆವು. ಮಕ್ಕಳು ವಿಜಯದಶಮಿಯಿಂದಲೇ ಡಬ್ಬಿಗೆ ದಿನಕ್ಕೆ ಐದು ರೂಪಾಯಿ ಹಾಕತೊಡಗಿದರು. ಅವರಿಗೆ ನಾನು ಪಿಗ್ಮಿ ಕತೆ ಹೇಳಿದ್ದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ಎರಡಾಣೆಯಷ್ಟು ಚಿಲ್ಲರೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ನಮ್ಮ ಮಕ್ಕಳ ಪಿಗ್ಮಿಯಲ್ಲಿ ನಡುವೆ ಎರಡು ಸಲ ಮಂಡಕ್ಕಿ ಮೆಣಸಿನಕಾಯಿಗೆ ಹಣ ಹೊರಗೆ ಹೋಯಿತೆಂದು ಆಮೇಲೆ ತಿಳಿಯಿತು.

ಇನ್ನು ಬೋಟು. ಮಲ್ಪೆ ಕಡೆಗೆ ಫೋನು ಮಾಡಿದಾಗ ನಮಗೆ ಎರಡು ದರ ಹೇಳಿದರು. ಬೇರೆಯವರ ಜೊತೆ ಸೇರಿ ಹೋಗುವುದಾದರೆ ತಲೆಗೆ 700 ರೂಪಾಯಿ. ಇಡೀ ಬೋಟು ನಮಗೇ ಬೇಕಾದರೆ ಮೂರು ಗಂಟೆಗೆ 6,000. ಹನ್ನೆರಡು ಜನರ ಮೇಲೆ ಒಬ್ಬರನ್ನೂ ಹತ್ತಿಸುವುದಿಲ್ಲ. ಮಕ್ಕಳೇ, ಇಲ್ಲಿ ನಿಲ್ಲಿ, ಭಾಗಾಕಾರ ಮಾಡಿ. ಎಂಟು ಜನವಾದರೆ ತಲೆ ಲೆಕ್ಕದಲ್ಲಿ 5,600, ಅದೇ ಅಗ್ಗ. ಒಂಬತ್ತನೆಯವರು ಬಂದರೆ 6,300, ಆಗ ಇಡೀ ಬೋಟೇ ಅಗ್ಗ. ಹನ್ನೆರಡು ಜನಕ್ಕೆ ತಲೆ ಲೆಕ್ಕ 8,400 ಆಗುತ್ತದೆ, ಬೋಟಿನದು ಅದೇ 6,000. ದುಡ್ಡಿಗಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಬೋಟು ನಮ್ಮದಾದರೆ, ಅಜ್ಜಿಗೆ ಹೊಟ್ಟೆ ತೊಳಸಿದ ಕೂಡಲೇ ದಡಕ್ಕೆ ತಿರುಗಿಸಬಹುದು. ಸೇರಿ ಹೋದ ಬೋಟಿನಲ್ಲಿ ಉಳಿದವರು ಒಪ್ಪಬೇಕಲ್ಲ!

ಮುಂಗಡ ಕಳಿಸುವ ಮೊದಲು ನಾಲ್ಕು ಮಾತು ಕೇಳಿ ಬರೆದಿಟ್ಟುಕೊಂಡೆ. ಮೂರು ಗಂಟೆ ಎಲ್ಲಿಂದ ಎಣಿಕೆ, ದಡ ಬಿಟ್ಟಾಗಿನಿಂದಲೋ ಗಾಳ ಬಿಟ್ಟಾಗಿನಿಂದಲೋ? ಗಾಳ, ದಾರ, ಸಿಗಡಿಯ ಎರೆ ಬಾಡಿಗೆಯಲ್ಲೇ ಸೇರಿದೆಯೋ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೋ? ಗಾಳಿ ಎದ್ದು ಬೋಟು ಹೊರಡದಿದ್ದರೆ ಮುಂಗಡ ವಾಪಸೋ? ಕೊನೆಯದನ್ನು ಕೇಳಲು ಅನೇಕರಿಗೆ ಸಂಕೋಚ. ಸಂಕೋಚಪಟ್ಟವರ ಮುಂಗಡ ಎಲ್ಲೆಲ್ಲಿ ಉಳಿದುಹೋಗುತ್ತದೆಂದು ಕೌಂಟರಿನ ಈಚೆ ಕೂತು ಬೇಕಾದಷ್ಟು ಕೇಳಿದ್ದೇನೆ.

ಒಟ್ಟು ಅಂದಾಜು ಹೀಗೆ ಬಂತು: ಟಿ.ಟಿ. ಗಾಡಿ, ಡ್ರೈವರ್ ಭತ್ಯೆ ಸೇರಿ 13,500. ಬೋಟು 6,000. ಮೂರು ರೂಮು 5,400. ಎರಡು ದಿನದ ಊಟ ತಿಂಡಿ, ತಲೆಗೆ ದಿನಕ್ಕೆ 400ರಂತೆ 9,600. ಮೇಲುಖರ್ಚು 1,500. ಕೂಡಿದರೆ 36,000, ತಲೆಗೆ ಸರಿಯಾಗಿ 3,000. ಇಷ್ಟು ದುಂಡಾಗಿ ಲೆಕ್ಕ ಕೂಡಿದಾಗ ಗುಮಾಸ್ತನಿಗೆ ಆಗುವ ಸಂತೋಷ ಬೇರೆಯವರಿಗೆ ತಿಳಿಯಲಾರದು.

ಸಂಜೆ ತಂಗಿಯ ಫೋನು ಬಂತು. "ಅಣ್ಣಾ, ನಾವು ಬರಂಗಿಲ್ಲ. ನೀವು ಹೋಗಿ ಬರ್ರಿ. ನನಗೆ ಮಂಡಿನೋವು ಐತಿ."

ಮಂಡಿನೋವು ಅವಳಿಗೆ ಹತ್ತು ವರ್ಷದಿಂದ ಇದೆ. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು, ಆಮೇಲೆ ಅವರೂ ಹೋದರು. ಅವಳಿಗೆ ಬರುವ ಪಿ.ಎಫ್. ಪಿಂಚಣಿ ತಿಂಗಳಿಗೆ ಎರಡು ಸಾವಿರ ಮುಟ್ಟುವುದಿಲ್ಲ. ಸೀರೆಗೆ ಫಾಲ್ಸು, ಪಿಕೋ ಹಾಕುತ್ತಾಳೆ. ಮಗಳು ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಮೂರು ತಲೆಗೆ 9,000 ಎಂದರೆ ಆ ಮಗಳ ಒಂದು ತಿಂಗಳ ಸಂಬಳ. "ನಾನು ಕೊಡ್ತೀನಿ ಬಾ" ಎಂದರೆ ಬರುವವಳಲ್ಲ ಅವಳು. ಹಾಗೆಂದು ಅವಳ ಮೊಮ್ಮಗಳನ್ನು ಹರಿಹರದಲ್ಲೇ ಬಿಟ್ಟು ಉಳಿದ ಮಕ್ಕಳು ಟಿ.ಟಿ.ಯಲ್ಲಿ ಹಾಡು ಹೇಳಿಕೊಂಡು ಹೋಗುವುದು ನನ್ನಿಂದ ನೋಡಲಾಗದ ಮಾತು.

ಅಂದು ರಾತ್ರಿ ಪುಸ್ತಕ ಮತ್ತೆ ತೆರೆದೆ. ತಂಗಿಯ ಮನೆಯವರು ಬರದಿದ್ದರೆ ಎಷ್ಟು ಉಳಿಯುತ್ತದೆ? ಒಂಬತ್ತು ಜನ ಕಾರಿನಲ್ಲಿ ಹಿಡಿಸುವುದಿಲ್ಲ, ಅದೇ ಗಾಡಿ ಬೇಕು. ಬೋಟಿನ ಬಾಡಿಗೆ ಅಷ್ಟೇ, ಮೇಲುಖರ್ಚೂ ಅಷ್ಟೇ. ಕಡಿಮೆಯಾಗುವುದು ಒಂದು ರೂಮು 1,800, ಊಟ 2,400. ಒಟ್ಟು 4,200. ಅಂದರೆ ಅವರು ಬರುವುದರಿಂದ ನಿಜವಾಗಿ ಹೆಚ್ಚುವ ಖರ್ಚು ಅಷ್ಟೇ.

ಮಾರನೇ ದಿನ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಪುಸ್ತಕವನ್ನು ಅವಳ ಮುಂದೆ ಇಟ್ಟೆ. "ನೀನು ಬ್ಯಾಂಕಿನೋನು, ಲೆಕ್ಕ ಹೆಂಗ್ ಬೇಕಾದ್ರೂ ತಿರುಗಿಸ್ತೀ" ಎಂದು ಪೆನ್ಸಿಲ್ಲು ಹಿಡಿದು ತಾನೇ ಕೂಡಿದಳು. ಎಂಟನೇ ಕ್ಲಾಸಿನ ಮೊಮ್ಮಗಳು ಇನ್ನೊಂದು ಸಲ ಕೂಡಿದಳು. ತಪ್ಪು ಸಿಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ ತಂಗಿ, "ಮೊದಲ ದಿನದ ತಿಂಡಿ, ಮಧ್ಯಾಹ್ನದ ಊಟ ಎಲ್ಲರಿಗೂ ನಂದು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಅದನ್ನ ಹೋಟೆಲ್ ರೇಟಿನಾಗೆ ಹಾಕು" ಎಂದಳು. ಹಾಕಿದೆ. ತಿಂಡಿ 60ರಂತೆ 720, ಊಟ 120ರಂತೆ 1,440. ಒಟ್ಟು 2,160 ಅವಳ ಜಮೆ. ಕೊಡಬೇಕಾದ್ದು 2,040. ಡಬ್ಬಿಯಿಂದ ತೆಗೆದು ಅಲ್ಲೇ ಎಣಿಸಿ ಕೊಟ್ಟಳು.

ತಮ್ಮ ಕೇಳಿದ ಪ್ರಶ್ನೆಯನ್ನೂ ಹೇಳಿಬಿಡಬೇಕು. "ಹಂಗಾದ್ರೆ ನನ್ನ ಮನೆಯವರನ್ನೇ ಕೊನೇಗೆ ಬಂದೋರು ಅಂತ ಲೆಕ್ಕ ಹಾಕು. ನನಗೂ ಕಡಿಮೆ ಬೀಳ್ತೈತಿ." ಅವನ ಮಾತು ನ್ಯಾಯವಾದದ್ದೇ. ಈ ಲೆಕ್ಕದಲ್ಲಿ ಎಲ್ಲರೂ ಕೊನೆಯವರಾಗಲು ಹೊರಟರೆ ಬೋಟಿನ 6,000 ಕೊಡುವವರೇ ಇರುವುದಿಲ್ಲ. ನಾನು ಪುಸ್ತಕ ತೋರಿಸಿದೆ: ಅವಳು ಬಂದರೂ ಬರದಿದ್ದರೂ ನಮ್ಮ ಒಂಬತ್ತು ಜನರ ಪಾಲು 31,800, ಒಂದು ರೂಪಾಯಿ ಆಚೆ ಈಚೆ ಇಲ್ಲ. "ನೀನು ಕೊನೆಯವನಾಗೋ ಕಾಲ ಬಂದ್ರೆ ನಿನಗೂ ಹಂಗೇ ಹಾಕ್ತೀನಿ" ಎಂದೆ. ಅವನು ನಕ್ಕು ಮುಂಗಡದ ಅರ್ಧ ಕಳಿಸಿದ.

ರೊಟ್ಟಿ ಗಂಟು ಬಿಚ್ಚಿದ್ದು ತೀರ್ಥಹಳ್ಳಿಯಲ್ಲಿ, ತುಂಗೆಯ ದಂಡೆಯಲ್ಲಿ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಹರಿಹರಕ್ಕೆ ಬರುವ ನೀರು ಇದೇ. "ನಾವು ಈ ಕಡೆ, ನೀರು ನಮ್ಮೂರ ಕಡೆ" ಎಂದು ತಂಗಿ ನೀರಿಗೆ ಕೈ ಅದ್ದಿ ಕೂತಳು. ಅರವತ್ತು ರೊಟ್ಟಿಯಲ್ಲಿ ಮೂರು ಉಳಿದವು, ಅವು ಡ್ರೈವರ್ ಪಾಲು.

ಭಾನುವಾರ ಬೆಳಿಗ್ಗೆ ಕಡಲು ನಮ್ಮ ಪುಣ್ಯಕ್ಕೆ ಶಾಂತವಾಗಿತ್ತು. ಮೂರು ಗಂಟೆಗೆ ಸಿಕ್ಕಿದ್ದು ನಾಲ್ಕು ಕಾಣೆ, ಮೂರು ಬಂಗುಡೆ. ಅದರಲ್ಲಿ ನನ್ನದು ಸೊನ್ನೆ. ತಂಗಿಯ ಮೊಮ್ಮಗಳದು ಮೂರು. ಏಳು ಮೀನನ್ನು ಮೂರು ಮನೆಗೆ ಹಂಚುವುದು ಹೇಗೆಂದು ಮಕ್ಕಳು ಜಗಳಕ್ಕೆ ಬಿದ್ದಾಗ ಬೋಟಿನ ಹಿರಿಯರು ರಂಪಣಿ ಕಾಲದ ಪದ್ಧತಿ ಹೇಳಿದರು. ರಂಪಣಿ ಎಂದರೆ ದಡದಿಂದ ಹತ್ತಾರು ಜನ ಸೇರಿ ಎಳೆಯುವ ಭಾರೀ ಬಲೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಮೂಲೆಗೆ ಸರಿಯಿತು. ಮಾರಿದ ಹಣದಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಮಿಕ್ಕಿದ್ದು ಹಗ್ಗ ಎಳೆದವರಿಗೆ. ಮಕ್ಕಳು ಅದರಂತೆಯೇ ಬೋಟಿಗೆಂದು ಒಂದು ಬಂಗುಡೆ ತೆಗೆದಿಟ್ಟರು. ಉಳಿದ ಆರು ಮನೆಗೆ ಎರಡರಂತೆ ಸರಿಹೋಯಿತು.

ಊರಿಗೆ ಬಂದು ಲೆಕ್ಕ ಮುಗಿಸಿದಾಗ ಕೈಯಲ್ಲಿ 720 ರೂಪಾಯಿ ಉಳಿದಿತ್ತು. ಮಕ್ಕಳಿಗೆ ಬೆಣ್ಣೆ ದೋಸೆ ಕೊಡಿಸೋಣವೆಂದು ತಮ್ಮ ಹೇಳಿದ. ತಂಗಿ ಫೋನಿನಲ್ಲೇ, "ದೋಸೆ ಆಮೇಲೆ. 33,840ರಾಗೆ ನಂದು 2,040. ನನ್ನ ಪಾಲು ಎಷ್ಟು ಬರ್ತೈತಿ, ಕಳಿಸು" ಎಂದಳು. ಹಿಂದಿನಿಂದ ಮೊಮ್ಮಗಳು ಕೂಗಿದಳು: "ನಲವತ್ಮೂರು ರೂಪಾಯಿ ನಲವತ್ತು ಪೈಸೆ, ಅಜ್ಜಾ!"

ಪೈಸೆ ಈಗ ಎಲ್ಲಿ ಸಿಗಬೇಕು? ನಲವತ್ನಾಲ್ಕು ರೂಪಾಯಿ ಒಯ್ದು ಕೊಟ್ಟೆ. ಅರವತ್ತು ಪೈಸೆ ನನಗೆ ಕೊಡಬೇಕೆಂದು ಆ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ.